ಕರೆಯಲೆಂದು ಕಾದ ಮೂರು ಬೆಳಗು

ಚಿಗವ್ವ, ನಾನು ರೇಣಿ.

ನೀನಿದ್ದಾಗ ನಿನಗೆ ಒಂದು ಕಾಗದ ಬರೆದವಳಲ್ಲ. ಹಾವೇರಿಯಿಂದ ಬ್ಯಾಡಗಿಗೆ ಯಾರು ಕಾಗದ ಬರೆಯುತ್ತಾರೆ? ಮೋಟೆಬೆನ್ನೂರಿನಲ್ಲಿ ಬಸ್ಸಿಳಿದು ಟಂಟಂ ಆಟೋ ಹತ್ತಿದರೆ ಅದರವನು ನಿನ್ನ ಖಾನಾವಳಿಯ ಬಾಗಿಲಲ್ಲೇ ಇಳಿಸುತ್ತಿದ್ದ. ಈಗ ನೀನು ಹೋಗಿ ವರ್ಷ ಆಗುತ್ತ ಬಂದಿದೆ, ಈಗ ಬರೆಯುತ್ತಿದ್ದೇನೆ. ನಿನಗೆ ಓದು ಬಾರದು. ಅದಕ್ಕೇ ಬರೆದದ್ದನ್ನು ಸಾಲು ಸಾಲಾಗಿ ಬಾಯಿಬಿಟ್ಟು ಓದಿಕೊಳ್ಳುತ್ತಿದ್ದೇನೆ, ನೀನು ಒಲೆಯ ಮುಂದೆ ಕುಳಿತಿದ್ದಾಗ ಓದುತ್ತಿದ್ದಂತೆ. ನಾನು ಜರ್ಮನಿಗೆ ಹೋಗಿ ಬಂದೆ. ಅಲ್ಲಿ ಒಂದು ಸಣ್ಣ ಹೊಟೇಲಿನಲ್ಲಿ ಆರು ದಿನ ಇದ್ದೆ. ಆ ವಿಮಾನ, ಆ ಹೊಳೆ, ಆ ಚಳಿ ಎಲ್ಲವನ್ನೂ ಊರ ಮಂದಿಗೆ ಹೇಳಿ ಮುಗಿಸಿದ್ದೇನೆ. ನಿನಗೆ ಹೇಳಬೇಕಾದದ್ದು ಬೇರೆ. ಅಲ್ಲಿಯ ಒಂದು ತಾಟಿನ ವಿಷಯ. ಮತ್ತು ಅದಕ್ಕಿಂತ ಮೊದಲು ನಾನು ನಿನಗೆ ಮಾಡಿದ…

ಟ್ಯೂಬಿಂಗನ್ ಎಂಬ ಆ ಊರನ್ನು ಮುಟ್ಟಿದಾಗ ಸಂಜೆಯಾಗಿತ್ತು. ಅಲ್ಲಿಯ ವಿಶ್ವವಿದ್ಯಾಲಯಕ್ಕೆ ಐದುನೂರು ವರ್ಷ ದಾಟಿದೆಯಂತೆ. ಮನೆಗಳನ್ನು ನೋಡಿದರೆ ಅವೂ ಅಷ್ಟೇ ಹಳೆಯವು ಅನ್ನಿಸುತ್ತದೆ. ಗೋಡೆಯ ತುಂಬ ಅಡ್ಡಡ್ಡ, ಓರೆ ಓರೆ ಮರದ ತೊಲೆಗಳು. ಓಣಿಗೆ ಕಲ್ಲು ಹಾಸಿದ್ದಾರೆ, ಸೈಕಲ್ ಹೋದರೆ ಕಟಕಟ ಎನ್ನುತ್ತದೆ. ನನ್ನನ್ನು ಕರೆಸಿದವಳು ಕರೀನ್, ನಮ್ಮ ಭಾಷೆ ಕಲಿತ ಅಲ್ಲಿಯ ಹೆಂಗಸು. ಹಾವೇರಿಗೆ ಬಂದಿದ್ದಾಗ ನನ್ನ ಕಥೆಯ ಪುಸ್ತಕ ಓದಿ, ತನ್ನ ಊರಿಗೆ ಬಂದು ನಾನು ಒಂದು ಕಥೆ ಓದಬೇಕೆಂದು ಹಟ ಹಿಡಿದವಳು. ಅವಳ ಕನ್ನಡ ಕೇಳಿದರೆ ನೀನು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದೆ. "ರೇಣುಕಾ ಅವರೇ, ಪ್ರಯಾಣದಿಂದ ತಮಗೆ ಆಯಾಸವಾಯಿತೇ?" ಎಂದು ಕೇಳುತ್ತಾಳೆ. ನಾನು "ಇಲ್ರಿ, ಸೊಂಟಾ ಅಷ್ಟ ಹಿಡದೈತಿ" ಎಂದರೆ ಚೀಲದಿಂದ ಸಣ್ಣ ಪುಸ್ತಕ ತೆಗೆದು ಬರೆದುಕೊಳ್ಳುತ್ತಾಳೆ.

ಹೊಟೇಲಿಗೆ ಹತ್ತೋ ಹನ್ನೊಂದೋ ಕೋಣೆ. ನಡೆಸುವವಳು ಮಾರ್ಗಾ ಎಂಬ ಮುದುಕಿ, ಹೆಚ್ಚುಕಡಿಮೆ ನಿನ್ನ ವಾರಿಗೆಯವಳು. ನನ್ನ ಕೋಣೆ ಮೂರನೆಯ ಮಜಲಿನಲ್ಲಿ, ಮಾಡಿನ ಕೆಳಗೆ. ಮೊದಲ ದಿನವೇ ತೊಲೆಗೆ ಹಣೆ ಬಡಿಸಿಕೊಂಡೆ. ಹಾಸಿಗೆಯ ಮೇಲೆ ಅರಳೆಯ ಗುಡ್ಡೆಯಂಥ ಬಿಳಿಯ ಹೊದಿಕೆ. ಕರೀನ್ ಕೀಲಿ ಕೈಗಿಟ್ಟು, "ಬೆಳಗಿನ ಉಪಾಹಾರ ಇಲ್ಲಿಯೇ, ಕೆಳಗೆ ಇರುತ್ತದೆ" ಎಂದು ಹೇಳಿ ಹೋದಳು. ನಾನು ಹೂಂ ಅಂದೆ. ಹೊತ್ತಾದಾಗ ಕರೆಯುತ್ತಾರೆ ಎಂದುಕೊಂಡೆ. ಬೇರೆ ಏನು ಅಂದುಕೊಳ್ಳಲಿ, ನಿನ್ನ ಕೈಯಲ್ಲಿ ಬೆಳೆದವಳು?

ಮೊದಲ ಬೆಳಗು ಐದಕ್ಕೇ ಎದ್ದೆ. ಮುಖ ತೊಳೆದು, ಹೆರಳು ಹಾಕಿ, ಸೀರೆ ಉಟ್ಟು, ಹಾಸಿಗೆ ಮಡಿಚಿ, ಮಂಚದ ತುದಿಗೆ ಕೈಕಟ್ಟಿ ಕುಳಿತೆ. ಏಳರ ಹೊತ್ತಿಗೆ ಕೆಳಗಿನಿಂದ ಬ್ರೆಡ್ಡು ಸುಡುವ ವಾಸನೆ, ಕಾಫಿಯ ವಾಸನೆ ಬಂತು. ತಾಟು ಬಟ್ಟಲುಗಳ ಸಪ್ಪಳ ಕೇಳಿಸಿತು. ಪಕ್ಕದ ಕೋಣೆಯವರು ಮೆಟ್ಟಿಲು ಇಳಿದು ಹೋದರು. ಅವರನ್ನು ಕರೆದರೆಂದು ಕಾಣುತ್ತದೆ, ಇನ್ನು ನನ್ನ ಪಾಳಿ ಎಂದು ಕಿವಿಗೊಟ್ಟು ಕುಳಿತೆ. ಹತ್ತಾಯಿತು. ಸಪ್ಪಳ ನಿಂತಿತು. ಯಾರೂ ಕರೆಯಲಿಲ್ಲ. ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇದ್ದವು. ಮುರಿಯುವ ಸಪ್ಪಳ ಹೊರಗೆ ಕೇಳಬಾರದೆಂದು ಟವೆಲಿನಲ್ಲಿ ಸುತ್ತಿ ರೊಟ್ಟಿ ಮುರಿದು ತಿಂದೆ.

ಎರಡನೆಯ ದಿನವೂ ಹಾಗೇ. ಮೂರನೆಯ ದಿನವೂ. ಮಧ್ಯಾಹ್ನ, ಸಂಜೆ ಕರೀನ್ ಬಂದು ಕೈಹಿಡಿದು ಎಲ್ಲಿಯಾದರೂ ಕರೆದುಕೊಂಡು ಹೋಗುತ್ತಿದ್ದಳು, ಅಲ್ಲಿ ಉಣ್ಣುತ್ತಿದ್ದೆ. ಬೆಳಗಿನ ಮಾತನ್ನು ಮಾತ್ರ ಅವಳಿಗೆ ಹೇಳಲಿಲ್ಲ. ಹೇಗೆ ಹೇಳುವುದು, ನನ್ನನ್ನು ಊಟಕ್ಕೆ ಕರೆಯುತ್ತಿಲ್ಲ ಅಂತ? ಹೊರಗೆ ಹೋಗುವಾಗ ಕೆಳಗಿನ ಊಟದ ಕೋಣೆಯ ಬಾಗಿಲು ದಾಟಿಯೇ ಹೋಗಬೇಕಿತ್ತು. ಕಿಟಕಿಯ ಪಕ್ಕದ ಒಂದು ಮೇಜಿನ ಮೇಲೆ ತಾಟು, ಬೋರಲು ಹಾಕಿದ ಬಟ್ಟಲು, ಮಡಿಚಿದ ಬಟ್ಟೆ, ಒಂದು ಚಿಕ್ಕ ಚೀಟಿ ದಿನವೂ ಇರುತ್ತಿದ್ದವು. ಯಾರೋ ದೊಡ್ಡ ಮನುಷ್ಯರಿಗೆ ತೆಗೆದಿಟ್ಟಿದ್ದಾರೆ ಎಂದುಕೊಂಡೆ. ಮಾರ್ಗಾ ನನ್ನ ಮುಖ ನೋಡುತ್ತಿದ್ದಳು. ನಾನು ತಲೆ ಬಗ್ಗಿಸಿ ಹೊರಬೀಳುತ್ತಿದ್ದೆ. ಬಡವಳೆಂದು ಕರೆಯುತ್ತಿಲ್ಲ, ಕರಿಯಳೆಂದು ಕರೆಯುತ್ತಿಲ್ಲ ಎಂದೆಲ್ಲ ಮನಸ್ಸು ಹೊಯ್ದಾಡಿತು. ಮೂರು ದಿನಕ್ಕೇ ಅಷ್ಟು ನೊಂದೆ, ಚಿಗವ್ವ. ಬರಿಯ ಮೂರು ದಿನಕ್ಕೆ.

ನಿನ್ನ ಖಾನಾವಳಿ ಆಗ ಕಣ್ಣಿಗೆ ಕಟ್ಟುತ್ತಿತ್ತು. ಮೆಣಸಿನಕಾಯಿ ಪೇಟೆಯಿಂದ ರೈತರು ಬಂದು ಬೆಂಚಿನ ಮೇಲೆ ಕೂಡುತ್ತಿದ್ದರು. ಮೈಮೇಲಿನ ಕೆಂಪು ಧೂಳಿಗೆ ಎಲ್ಲರಿಗೂ ಸೀನು. ದುಡ್ಡು ಕೊಟ್ಟು ಉಣ್ಣಲು ಬಂದವರೇ ಅವರೆಲ್ಲ. ಆದರೂ ನೀನು ಹೊರಬಾಗಿಲಿಗೆ ಬಂದು ಒಬ್ಬೊಬ್ಬರನ್ನೂ ಕರೆಯುತ್ತಿದ್ದೆ. "ಏಳ್ರಿ ಯಪ್ಪಾ, ತಾಟು ಹಾಕೇನಿ." "ಏಳೋ ತಮ್ಮಾ, ಸೀನೂದು ಆಮ್ಯಾಲೆ ಸೀನ್ಯಂತಿ." ನೀನು ಕರೆಯದೆ ಒಬ್ಬನೂ ಒಳಗೆ ಕಾಲಿಡುತ್ತಿರಲಿಲ್ಲ. ಇದೆಲ್ಲ ಯಾಕೆ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಕರದು ಹಾಕಿದ್ದು ಮೈಗೆ ಹತ್ತತೈತಿ. ತಾನ ಹೋಗಿ ಕುಂತು ಉಂಡದ್ದು ಬರೇ ಹೊಟ್ಟಿ ತುಂಬಸತೈತಿ" ಎಂದಿದ್ದೆ.

ನಾಲ್ಕನೆಯ ಇಯತ್ತೆ ಮುಗಿಸಿ ನಿನ್ನ ಹತ್ತಿರ ರೊಟ್ಟಿ ಬಡಿಯಲು ಬಂದವಳು ನಾನು. ಶಾಲೆ ಬಿಡಿಸಿದ್ದಕ್ಕೆ ಅಪ್ಪನ ಮೇಲೆ ಸಿಟ್ಟಾಗಿದ್ದೆ. ನೀನು ಅದನ್ನು ಯಾವಾಗ ಗುರುತಿಸಿದೆಯೋ. ಬೆಲ್ಲ, ಜೀರಿಗೆ ಕಟ್ಟಿಕೊಂಡು ಬಂದ ಕಾಗದಗಳನ್ನೆಲ್ಲ ಬಿಚ್ಚಿ ನೀವಿ ನನ್ನ ಮುಂದಿಡುತ್ತಿದ್ದೆ. "ಓದು" ಎನ್ನುತ್ತಿದ್ದೆ. ನಾನು ಓದುತ್ತ ಹೋದಂತೆ ಕಾಗದ ಹರಿದಲ್ಲಿಗೆ ಕಥೆ ನಿಲ್ಲುತ್ತಿತ್ತು.

"ಮುಂದ ಏನಾತು?"

"ಹರದೈತಿ ಚಿಗವ್ವ."

"ಹರದ್ರ ಏನಾತು? ನೀನ ಹೇಳು."

"ನನಗೇನು ಗೊತ್ತು?"

"ಬರದಾವ್ಗರ ಏನು ಗೊತ್ತಿತ್ತು? ಅಂವಾನೂ ಕುಂತು ಯೋಚ್ನಿ ಮಾಡೇ ಬರದಿರ್ತಾನ. ಹೇಳು, ರೊಟ್ಟಿ ಹೊತ್ತಗೊಡಬ್ಯಾಡ."

ನಾನು ಕಥೆ ಹೇಳಲು ಕಲಿತದ್ದು ಹೀಗೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಶಾಲೆಯ ಮಾಸ್ತರರೊಬ್ಬರು ಉಣ್ಣಲು ಬಂದ ದಿನ ನಿನಗೆ ನೆನಪಿದೆಯೇ? ನೀನು ನನ್ನ ನೋಟ್‌ಬುಕ್ಕನ್ನು ಅವರ ತಾಟಿನ ಪಕ್ಕಕ್ಕೇ ಇಟ್ಟು, "ಸರ, ಈಕಿ ಕಥಿ ಬರೀತಾಳ್ರಿ. ರೊಟ್ಟಿ ಸುಟ್ಟು ಬರೀತಾಳ. ಓದಿ ಉಪ್ಪು ಕಡಿಮಿ ಐತೇನು ಹೇಳ್ರಿ" ಎಂದೆ. ಬೆಂಚಿನ ತುಂಬ ನಗೆ. ನಾನು ಹಿಟ್ಟಿನ ಡಬ್ಬಿಯ ಹಿಂದೆ ಅಡಗಿ ಕುಳಿತೆ. ನಿನಗೆ ಅದು ಹೆಮ್ಮೆ, ನನಗೆ ಸಾವು. ಮುಂದೆ ನಾನು ಹಾವೇರಿಯ ಹೆಣ್ಣುಮಕ್ಕಳ ಹಾಸ್ಟೆಲಿಗೆ ಅಡುಗೆ ಕೆಲಸಕ್ಕೆ ಹೋದೆ. ಅಲ್ಲಿಯ ನಾಲ್ಕು ಜನ ಸೇರಿ ನನ್ನ ಪುಸ್ತಕ ಅಚ್ಚು ಹಾಕಿಸಿದರು. ಬಿಡುಗಡೆಗೆ ರವಿವಾರ ಗೊತ್ತು ಮಾಡಿದರು. ಆಗ ನನಗೆ ಮೊದಲು ನೆನಪಾದದ್ದು ಆ ಹಿಟ್ಟಿನ ಡಬ್ಬಿ.

ಆ ವಾರ ನಾನು ಬ್ಯಾಡಗಿಗೆ ಬಂದೆ. ಚೀಲದಲ್ಲಿ ಆಮಂತ್ರಣದ ಕಾರ್ಡುಗಳಿದ್ದವು. ಪೋಸ್ಟಿನವನಿಗೆ ಕೊಟ್ಟೆ. ಗಿರಣಿಯವನಿಗೆ ಕೊಟ್ಟೆ. ಕಾಗಿನೆಲೆ ಬಸ್ಸಿಗೆ ಕಾಯುತ್ತಿದ್ದ ಶಾಲೆಯ ಅಕ್ಕೋರಿಗೂ ಕೊಟ್ಟೆ. ಆಮೇಲೆ ನಿನ್ನಲ್ಲಿ ಬಂದು ಉಂಡೆ. ನೀನು ಎದುರಿಗೆ ಕುಳಿತು ಬದನೆಕಾಯಿ ಬಡಿಸುತ್ತ, "ಎಷ್ಟೊತ್ತಿಗೈತಿ?" ಎಂದೆ. "ಹತ್ತೂವರಿಗೆ" ಎಂದೆ ನಾನು. "ಭಾಳ ಮಂದಿ ಬರ್ತಾರೇನು?" "ಬರ್ತಾರ. ಓದಿದ ಮಂದಿ." ನೀನು ಇನ್ನೊಂದು ರೊಟ್ಟಿ ಹಾಕಿದೆ. ಬೆಣ್ಣೆ ಹಾಕಿದೆ. ಎದುರಿನಿಂದ ಏಳಲಿಲ್ಲ. ನೀನು ಕಾಯುತ್ತಿದ್ದೀಯೆಂದು ನನಗೆ ಗೊತ್ತಾಯಿತು. ಎಲೆ ಅಡಿಕೆ ಬೇಡ, ಕಾರ್ಡು ಬೇಡ, "ಬಾ ಚಿಗವ್ವ" ಎಂಬ ಎರಡು ಮಾತು ಸಾಕಿತ್ತು. ನಾನು ಕೈತೊಳೆದು, "ಬಸ್ ತಪ್ಪತೈತಿ" ಎಂದು ಎದ್ದೆ.

ಮನೆಯವಳನ್ನು ಏನು ಕರೆಯುವುದು, ತಾನೇ ಬರುತ್ತಾಳೆ ಎಂದು ಬಸ್ಸಿನಲ್ಲಿ ನನಗೆ ನಾನೇ ಹೇಳಿಕೊಂಡೆ. ನೀನು ಬರುವುದಿಲ್ಲವೆಂದು ಗೊತ್ತಿದ್ದೇ ಹೇಳಿಕೊಂಡೆ. ಕರೆಯದಿದ್ದರೆ ನೀನು ಸ್ವಂತ ತಂಗಿಯ ಮದುವೆಗೂ ಹೋಗುವವಳಲ್ಲ. ಅದನ್ನು ತಿಳಿದವಳು ಊರಿನಲ್ಲಿ ನನಗಿಂತ ಬೇರೆ ಯಾರಿದ್ದರು?

ಬಿಡುಗಡೆಯಾಗಿ ಎರಡು ವಾರದ ಮೇಲೆ ಪುಸ್ತಕ ತೆಗೆದುಕೊಂಡು ಬಂದೆನಲ್ಲ, ಆ ಮಧ್ಯಾಹ್ನ. ನಾನು ಬೆಂಚಿನ ಮೇಲೆ ಕುಳಿತಿದ್ದೆ. ನೀನು ಹೊರಗೆ ಬಂದು, "ಏಳ್ರಿ, ತಾಟು ಹಾಕೇನಿ" ಎಂದೆ. ಹಿಂದೆ ಯಾರಾದರೂ ಇದ್ದಾರೇನೋ ಎಂದು ತಿರುಗಿ ನೋಡಿದೆ.

"ಯಾಕ ಚಿಗವ್ವ, ನನಗ 'ರಿ' ಹಚ್ಚಾಕತ್ತಿ?"

"ಓದಿದ ಮಂದಿ ಜೋಡಿ ಕುಂತು ಬಂದೀರಿ. ಹಚ್ಚಬೇಕಲ್ರಿ."

ನಾನು ನಕ್ಕೆ. ಚೇಷ್ಟೆ ಎಂಬಂತೆ ನಕ್ಕುಬಿಟ್ಟೆ. ನೀನು ನಗಲಿಲ್ಲ. ಕೈತೊಳೆದು, ಸೆರಗಿಗೆ ಒರೆಸಿಕೊಂಡು, ಪುಸ್ತಕ ಇಸಿದುಕೊಂಡು ಕಣ್ಣಿಗೊತ್ತಿಕೊಂಡು ದೇವರ ಜಗಲಿಯ ಮೇಲೆ ಇಟ್ಟೆ. ಓದು ಎನ್ನಲಿಲ್ಲ. ತಪ್ಪಾತು ಎನ್ನಲು ನನಗೆ ಅಲ್ಲಿ ಎಷ್ಟು ಹೊತ್ತು ಇತ್ತು ಗೊತ್ತೇ? ಎರಡು ರೊಟ್ಟಿ ಉಂಡು, ಅನ್ನ ಉಂಡು, ಮಜ್ಜಿಗೆ ಕುಡಿಯುವವರೆಗೂ ಇತ್ತು. ಮುಂದಿನ ಸಲ ಎಂದುಕೊಂಡೆ. ಮುಂದಿನ ಸಲ ನಾನು ಬಂದಾಗ ನಿನ್ನನ್ನು ಕಟ್ಟೆಯ ಮೇಲೆ ಕೂಡಿಸಿ ವಿಭೂತಿ ಹಚ್ಚಿ ಹೂ ಹಾಕಿದ್ದರು.

ಆ ದಿನ ಎಲೆ ಅಂಗಡಿಯ ಗಂಗವ್ವ ನನ್ನನ್ನು ಪಕ್ಕಕ್ಕೆ ಕರೆದಳು. ನಿನ್ನ ಅಂಗಡಿಗೂ ಅವಳ ಅಂಗಡಿಗೂ ಒಂದೇ ಗೋಡೆ, ನಿಮ್ಮಿಬ್ಬರ ನಡುವೆ ಮುಚ್ಚುಮರೆ ಎಂಬುದಿರಲಿಲ್ಲ. ಅವಳು ಅಳುತ್ತ ಹೇಳಿದ್ದು ಇಷ್ಟು. ಬಿಡುಗಡೆಯ ಆ ರವಿವಾರ ನೀನು ಒಲೆ ಹಚ್ಚಿರಲಿಲ್ಲ. ಇಳಕಲ್ ಸೀರೆ ಉಟ್ಟು ಬೆಳಿಗ್ಗೆ ಎಂಟರಿಂದ ಇದೇ ಕಟ್ಟೆಯ ಮೇಲೆ ಕುಳಿತಿದ್ದೆ. "ಹೋಗಬಾರದೇನ ನೀಲವ್ವ, ಬಸ್ಸು ಅದಾವು" ಎಂದು ಅವಳು ಎಂದದ್ದಕ್ಕೆ, "ಕರಿಯಾಕ ಯಾರನ್ನರ ಕಳಸ್ತಾಳ ತಡಿ. ನಮ್ಮ ರೇಣಿ ಅಂಥಾಕಿ ಅಲ್ಲ" ಎಂದೆಯಂತೆ. ಬಿಸಿಲು ಕಟ್ಟೆ ದಾಟುವವರೆಗೆ ಕುಳಿತು, ಎದ್ದು ಒಳಗೆ ಹೋಗಿ ಸೀರೆ ಬಿಚ್ಚಿಟ್ಟು ಒಲೆ ಹಚ್ಚಿದೆಯಂತೆ. ಕೇಳಿ ನಾನು ಏನೆಂದೆ ಗೊತ್ತೇ? "ಅವಸರದಾಗ ಮರ್ತೆ ಗಂಗವ್ವ" ಎಂದೆ. ನಿನ್ನ ಮುಂದೆ, ನಿನ್ನ ಹೂವಿನ ವಾಸನೆಯಲ್ಲಿ, ಹಾಗೆ ಹೇಳಿದೆ.

ನಾಲ್ಕನೆಯ ಬೆಳಗು ಬಾಗಿಲು ಬಡಿದ ಸಪ್ಪಳವಾಯಿತು. ತೆಗೆದರೆ ಮಾರ್ಗಾ. ಮೂರು ಮಜಲು ಹತ್ತಿ ಬಂದು ಏದುಸಿರು ಬಿಡುತ್ತಿದ್ದಳು, ಒಂದು ಕೈ ಮೊಣಕಾಲಿನ ಮೇಲೆ. ಅವಳ ಹಿಂದೆ ಕರೀನ್.

"ರೇಣುಕಾ ಅವರೇ, ತಾವು ಏಕೆ ಉಪಾಹಾರಕ್ಕೆ ಬರುತ್ತಿಲ್ಲ? ಇವರು ಬಹಳ ದುಃಖದಲ್ಲಿದ್ದಾರೆ."

"ಯಾರೂ ಕರೀಲಿಲ್ಲಲ್ರಿ."

"ಕರೆಯಬೇಕೇ?" ಕರೀನ್ ಕಣ್ಣು ಅಗಲ ಮಾಡಿದಳು. "ಏಳರಿಂದ ಹತ್ತು ಗಂಟೆಯವರೆಗೆ ಎಂದು ಕೆಳಗೆ ಬರೆದಿದೆಯಲ್ಲ."

"ಆ ಅಕ್ಷರ ನನಗ ಬರೂದಿಲ್ರಿ."

ಅವಳು ಅದನ್ನು ತನ್ನ ಭಾಷೆಯಲ್ಲಿ ಮಾರ್ಗಾಳಿಗೆ ಹೇಳಿದಳು. ಮಾರ್ಗಾ ನನ್ನ ಕೈ ಹಿಡಿದು ಏನೇನೋ ಹೇಳುತ್ತಲೇ ಹೋದಳು. ಕರೀನ್ ನಿಧಾನವಾಗಿ ತಿಳಿಸಿದಳು. ಮಾರ್ಗಾ ದಿನವೂ ತಾಟು ಇಡುತ್ತಿದ್ದಳಂತೆ, ದಿನವೂ ಮುಟ್ಟದ ತಾಟನ್ನೇ ಎತ್ತಿಡುತ್ತಿದ್ದಳಂತೆ. ಕೋಣೆ ಒರೆಸಲು ಬಂದರೆ ಹಾಸಿಗೆ ಮಡಿಚಿದೆ, ನೆಲ ಒರೆಸಿದೆ, ಯಾರೂ ಇಳಿದುಕೊಂಡೇ ಇಲ್ಲವೆನ್ನುವ ಹಾಗೆ. ಇಷ್ಟು ದೂರದಿಂದ ಬಂದ ಹುಡುಗಿಗೆ ತನ್ನ ಮನೆಯಲ್ಲಿ ಏನು ತಪ್ಪು ಕಂಡಿತು ಎಂದು ಅವಳು ಚಿಂತೆ ಮಾಡುತ್ತಿದ್ದಳಂತೆ.

ಕೆಳಗೆ ಹೋದರೆ ಕಿಟಕಿಯ ಪಕ್ಕದ ಆ ಮೇಜೇ ನನ್ನದು. ಆ ಚೀಟಿಯ ಮೇಲೆ ಬರೆದಿದ್ದದ್ದು ನನ್ನ ಹೆಸರೇ ಎಂದು ಕರೀನ್ ಓದಿ ಹೇಳಿದಳು. ಮೂರು ದಿನ ಅದನ್ನು ದಾಟಿ ಹೋಗಿದ್ದೆ. ಕುಳಿತು ತಿಂದೆ. ಅವರ ಬ್ರೆಡ್ಡು ಗಟ್ಟಿ, ನಮ್ಮ ಖಡಕ್ ರೊಟ್ಟಿಯ ದೊಡ್ಡಪ್ಪನೇ ಸರಿ. ನಾನು ಮೇಲಿಂದ ಒಂದು ರೊಟ್ಟಿ ತಂದು ಮಾರ್ಗಾಳಿಗೆ ಕೊಟ್ಟೆ. ಅವಳು ಉಗುರಿನಿಂದ ಬಡಿದು, ಕಿವಿಗೆ ಹಿಡಿದು, ಕಿಟಕಿಯಾಚೆಯ ಮಾಡಿನ ಹಂಚಿಗೆ ಬೆರಳು ತೋರಿಸಿ ನಕ್ಕಳು. ಎಲ್ಲರೂ ನಕ್ಕರು. ನಾನು ಮಾತ್ರ ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಟ್ಟೆ. ಮೂರು ಬೆಳಗು ಸೀರೆ ಉಟ್ಟು ಕರೆಯಲೆಂದು ಕುಳಿತರೆ ಒಳಗೆ ಏನಾಗುತ್ತದೆ ಎಂದು ನನಗೆ ಈಗ ಗೊತ್ತಾಗಿತ್ತು. ಅಷ್ಟಾದರೂ ಮಾರ್ಗಾಳದು ತಪ್ಪಲ್ಲ. ಕರೆಯಬೇಕು ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಚಿಗವ್ವ.

ಅದೇ ಸಂಜೆ ಕಥೆ ಓದಿದೆ. ಹಳೆಯ ಕಟ್ಟಡದ ಒಂದು ಕೋಣೆ, ಮೂವತ್ತು ಮಂದಿ ಇರಬಹುದು. ಮಾರ್ಗಾ ಒಳ್ಳೆಯ ಅಂಗಿ ತೊಟ್ಟು ಎರಡನೆಯ ಸಾಲಿನಲ್ಲಿ ಕುಳಿತಿದ್ದಳು. ನಾನು ಓದಿದೆ, ಕರೀನ್ ಅವರ ಭಾಷೆಯಲ್ಲಿ ಓದಿದಳು. ಕಥೆ ಹೇಳಲು ಎಲ್ಲಿ ಕಲಿತಿರಿ ಎಂದು ಯಾರೋ ಕೇಳಿದರು. ಹಾವೇರಿಯಲ್ಲೂ ಇದನ್ನೇ ಕೇಳಿದ್ದರು, ಅಲ್ಲಿ "ಹಿಂಗ ಓದಿ ಓದಿ" ಎಂದು ಗೊಣಗಿದ್ದೆ. ಇಲ್ಲಿ ನಿನ್ನ ಹೆಸರು ಹೇಳಿದೆ. ಒಲೆ, ಜೀರಿಗೆ ಕಟ್ಟಿದ ಕಾಗದ, ನೀನು ಮುಂದೇನಾತು ಎನ್ನುತ್ತಿದ್ದದ್ದು, ಎಲ್ಲ ಹೇಳಿದೆ. ಎಷ್ಟು ಚೆನ್ನಾಗಿ ಕೇಳಿದರು. ಆಗ ಹಿಂದಿನಿಂದ ಒಬ್ಬ ಹುಡುಗಿ ಎದ್ದು, "ಅವರು ನಿಮ್ಮ ಪುಸ್ತಕದ ಬಿಡುಗಡೆಗೆ ಬಂದಿದ್ದರೇ?" ಎಂದಳು.

"ಅವರಿಗೆ ಬರಲು ಆಗಲಿಲ್ಲ" ಎಂದೆ.

ನೋಡು, ಅಲ್ಲಿಯೂ. ನಮ್ಮವರು ಒಬ್ಬರೂ ಇಲ್ಲದ ಊರಿನಲ್ಲಿ, ನನ್ನ ಮಾತು ತಿಳಿಯದ ಮಂದಿಯ ಮುಂದೆಯೂ ಬಾಯಿ ಬರಲಿಲ್ಲ. ಕರೀನ್ ಅದನ್ನು ಅವರ ಭಾಷೆಯಲ್ಲಿ ಹೇಳಿದಳು. ಮಾರ್ಗಾ ಅಯ್ಯೋ ಪಾಪ ಎಂಬಂತೆ ತಲೆಯಾಡಿಸಿದಳು. ಆ ಪಾಪ ಯಾರಿಗೆ ಸಲ್ಲಬೇಕಿತ್ತು? ಉಳಿದ ಎರಡು ಬೆಳಗೂ ಅವಳು ಆ ಮೊಣಕಾಲಿನಲ್ಲೇ ಮೂರು ಮಜಲು ಹತ್ತಿ ಬಂದು ಬಾಗಿಲು ಬಡಿದು ನನ್ನನ್ನು ಊಟಕ್ಕೆ ಕರೆದಳು. ಬೇಡವೆಂದರೂ ಕೇಳಲಿಲ್ಲ. ಒಮ್ಮೆ ತಿಳಿದ ಮೇಲೆ ಅವಳು ತಪ್ಪಿಸಲಿಲ್ಲ.

ಊರಿಗೆ ಬಂದು ಇಪ್ಪತ್ತು ದಿನವಾಯಿತು. ಹಾವೇರಿಯವರು ನನಗೆ ಶಾಲು ಹೊದಿಸುತ್ತಾರಂತೆ, ಪುಸ್ತಕ ಬಿಡುಗಡೆಯಾದ ಅದೇ ಸಭಾಗೃಹದಲ್ಲಿ, ನಾಡಿದ್ದು ರವಿವಾರ. ಕಾರ್ಡು ಅಚ್ಚು ಹಾಕಿಸಬೇಡಿರಿ, ನನ್ನ ಮಂದಿಯನ್ನು ನಾನೇ ಕರೆಯುತ್ತೇನೆ ಎಂದೆ. ನಿನ್ನೆ ಬ್ಯಾಡಗಿಗೆ ಹೋಗಿದ್ದೆ. ನಿನ್ನ ಬಾಗಿಲಿಗೆ ಕೀಲಿ. ಗಂಗವ್ವ ಅಂಗಡಿಯಲ್ಲಿ ಎಲೆ ಒರೆಸುತ್ತಿದ್ದಳು. ಎರಡು ಎಲೆ, ಒಂದು ಅಡಿಕೆ ಅವಳ ಮುಂದೆ ಇಟ್ಟು, ರವಿವಾರ ಬರಬೇಕು ಎಂದೆ.

"ನನ್ನ ಅಂಗಡಿ ಎಲಿ ನನಗ ಇಟ್ಟು ಕರೀತಿ? ಭಾಳ ಶಾಣೇಕಿ" ಎಂದಳು. ಮುಟ್ಟಲಿಲ್ಲ. "ಏನಂತ ಕಾರ್ಯಕ್ರಮ?"

"ಜರ್ಮನಿಗೆ ಹೋಗಿ ಬಂದೀನಂತ ಶಾಲು ಹಾಕ್ತಾರ."

"ಹಾಕ್ಕೋ ಹೋಗು. ನಾ ಬಂದು ಏನ್ ಮಾಡ್ಲಿ? ಆಕಿ ಈ ಕಟ್ಟಿ ಮ್ಯಾಲೆ ಕುಂತದ್ದು ನನ್ನ ಕಣ್ಣಾಗಿಂದ ಹೋಗವಲ್ದು."

"ಅದನ್ನ ಹೇಳಾಕ ಹೊಂಟೇನಿ, ಎಲ್ಲಾರ ಮುಂದ. ನಾ ಕರೀಲಿಲ್ಲಂತ."

ಅವಳು ಕೈಯಲ್ಲಿದ್ದ ಎಲೆ ಕೆಳಗಿಟ್ಟಳು. "ಏನಂತ ಹೇಳ್ತಿ? ಮರ್ತೆ ಅಂತಿಯೋ, ಬ್ಯಾಡಂತ ಬಿಟ್ಟೆ ಅಂತಿಯೋ?"

ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು, ಚಿಗವ್ವ. ಹಾಗಾದರೆ ನಿನಗೂ ಗೊತ್ತಿತ್ತೇ? ನೀವಿಬ್ಬರೂ ಅದನ್ನು ಮಾತಾಡಿಕೊಂಡಿರಾ? ಕೇಳಲು ನನಗೆ ಧೈರ್ಯ ಬರಲಿಲ್ಲ.

"ಬ್ಯಾಡಂತ ಬಿಟ್ಟೆ ಅಂತ" ಎಂದೆ.

ಅವಳು ನಾನಿಟ್ಟ ಎಲೆ ಅಡಿಕೆ ಎತ್ತಿ ಉಡಿಗೆ ಸಿಕ್ಕಿಸಿಕೊಂಡಳು. "ಬರ್ತೀನಿ. ಮುಂದಿನ ಸಾಲಿನ್ಯಾಗ ಕುಂದರ್ತೀನಿ. ಮರ್ತೆ ಅಂದ್ಯೋ, ಅಲ್ಲೇ ಎದ್ದು ನಿಂದರ್ತೀನಿ ನೋಡು ಮತ್ತ."

ನನ್ನ ದನಿ ಸಣ್ಣದು, ನಿನಗೆ ಗೊತ್ತಿದ್ದದ್ದೇ. ಹಿಂದಿನ ಸಾಲಿಗೆ ಕೇಳದಿದ್ದರೆ ಇನ್ನೊಮ್ಮೆ ಹೇಳುತ್ತೇನೆ. ಗಂಗವ್ವ ಬರಲಿ, ಬಸ್ಸು ತಪ್ಪಿ ಬಾರದಿರಲಿ, ಹೇಳುತ್ತೇನೆ. ಹೇಳಬೇಕಾದದ್ದನ್ನು ಬೆಳಗಿನಿಂದ ಬರೆದು ಬರೆದು ಹೊಡೆದು ಹಾಕಿ ಕೊನೆಗೆ ಇಷ್ಟು ಉಳಿದಿದೆ: ನನಗೆ ಕಥೆ ಕಲಿಸಿದವಳು ನೀಲವ್ವ, ಬ್ಯಾಡಗಿಯ ಖಾನಾವಳಿಯವಳು. ನನ್ನ ಪುಸ್ತಕದ ಬಿಡುಗಡೆಗೆ ಅವಳು ಬರಲಿಲ್ಲ, ಯಾಕೆಂದರೆ ನಿಮ್ಮ ಮುಂದೆ ಅವಳಿಗಾಗಿ ನಾಚಿಕೊಂಡು ನಾನು ಅವಳನ್ನು ಕರೆಯಲಿಲ್ಲ.

ನಿನ್ನ
ರೇಣಿ